ಪಥ್ಯ ಎಲ್ಲಿಯವರೆಗೆ?

ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಅನತಿದೂರದ ಓಣಿಯೊಂದರಲ್ಲಿ, ಎರಡು ತಲೆಮಾರುಗಳ ಹಿಂದೆ ತುಮಕೂರಿನ ಕಡೆಯಿಂದ ಬಂದು ನೆಲೆಸಿದ ಜೈನ ಕುಟುಂಬವೊಂದಿದೆ. 2022ರ ಮಾರ್ಗಶಿರದ ಚಳಿಯಲ್ಲಿ ಆ ಮನೆಯ ಹದಿನೆಂಟು ತಿಂಗಳ ಹೆಣ್ಣುಮಗುವಿನ ಕೆನ್ನೆಗಳ ಮೇಲೂ ಮೊಣಕೈ ಮೊಣಕಾಲುಗಳ ಮಡಿಕೆಗಳಲ್ಲಿಯೂ ಕೆಂಪಾದ ಒರಟು ತೇಪೆಗಳು ಕಾಣಿಸಿಕೊಂಡವು. ಹಗಲು ಆಟದಲ್ಲಿ ಮರೆಯುತ್ತಿದ್ದ ತುರಿಕೆ ರಾತ್ರಿ ಮಲಗಿಸಿದೊಡನೆ ಮರುಕಳಿಸುತ್ತಿತ್ತು. ಬೆಳಿಗ್ಗೆ ಹಾಸಿಗೆಯ ಹೊದಿಕೆಯಲ್ಲಿ ಸಣ್ಣಸಣ್ಣ ರಕ್ತದ ಕಲೆಗಳಿರುತ್ತಿದ್ದವು. ತಾಯಿ ಮಗುವಿನ ಎರಡು ಕೈಗಳನ್ನೂ ಹಿಡಿದುಕೊಂಡೇ ನಿದ್ರಿಸುವುದನ್ನು ಅಭ್ಯಾಸ ಮಾಡಿಕೊಂಡಳು.

ನೆರೆಹೊರೆಯವರು ಅದನ್ನು ಕಜ್ಜಿಯೆಂದು ತಿಳಿದು ತಮ್ಮ ಮಕ್ಕಳನ್ನು ದೂರವಿಟ್ಟರು. ಅದು ಕಜ್ಜಿಯಲ್ಲ, ಇಸುಬು. ಆಯುರ್ವೇದವು ವಿಚರ್ಚಿಕೆಯೆಂದು ವರ್ಣಿಸುವ ವ್ಯಾಧಿಯು ಇದಕ್ಕೆ ಸಮೀಪವಾದುದು. ಇದು ಅಂಟುವ ರೋಗವಲ್ಲ. ಚರ್ಮದ ಹೊರಪದರದಲ್ಲಿ ತೇವವನ್ನು ಹಿಡಿದಿಡುವ ಶಕ್ತಿ ಹುಟ್ಟಿನಿಂದಲೇ ಕುಂದಿರುವ ಮಕ್ಕಳಲ್ಲಿ ಇದು ಹೆಚ್ಚು. ಅಂತಹ ಪದರವನ್ನು ಕಟ್ಟುವ ಫಿಲಾಗ್ರಿನ್ ಎಂಬ ಸಸಾರಜನಕದ ಜೀನಿನಲ್ಲಿರುವ ದೋಷಕ್ಕೂ ಈ ರೋಗಕ್ಕೂ ನಂಟಿದೆಯೆಂಬುದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ವಿಜ್ಞಾನಿಗಳ ಶೋಧನೆಯಿಂದ ಸ್ಪಷ್ಟವಾಯಿತು. ಬಿರುಕುಬಿಟ್ಟ ಗೋಡೆಯಿಂದ ಮನೆಯೊಳಗೆ ಧೂಳು ನುಗ್ಗುವಂತೆ ಅಂತಹ ಚರ್ಮದೊಳಕ್ಕೆ ಉಪದ್ರವಕಾರಿ ಪದಾರ್ಥಗಳು ನುಗ್ಗುತ್ತವೆ. ಆದರೆ ಅಂದು ಆ ಮನೆಯಲ್ಲಿ ಯಾರೂ ಗೋಡೆಯ ಕಡೆಗೆ ನೋಡಲಿಲ್ಲ. ಎಲ್ಲರ ದೃಷ್ಟಿಯೂ ಅಡಿಗೆಮನೆಯ ಕಡೆಗೆ ಹರಿಯಿತು.

“ನಂಜಿನ ಪದಾರ್ಥ ಒಳಗೆ ಹೋಗುತ್ತಿರುವವರೆಗೆ ಹೊರಗೆ ಏನು ಹಚ್ಚಿದರೇನಮ್ಮ?” ಎಂದು ಅತ್ತೆಯವರು ಸೊಸೆಗೆ ಹೇಳಿದರು. ಆಕೆ ಕಠೋರ ಹೃದಯದವರಲ್ಲ. ಮೊಮ್ಮಗಳು ಕೆರೆದುಕೊಳ್ಳುವಾಗ ಅವರ ಕಣ್ಣಿನಲ್ಲಿ ನೀರು ಬರುತ್ತಿತ್ತು. ಬೇವಿನೆಲೆ ಕುದಿಸಿದ ನೀರು, ಹೆಸರುಹಿಟ್ಟಿನ ಸ್ನಾನ, ಗರಿಕೆ ಅರಿಶಿನಗಳ ಲೇಪ, ಹೊಂಗೆಯೆಣ್ಣೆ ಎಲ್ಲವನ್ನೂ ತಮ್ಮ ಕೈಯಾರೆ ಮಾಡಿದರು. ಇವುಗಳಲ್ಲಿ ಕೆಲವು ಹಿತವನ್ನೇ ಮಾಡಿದವು. ಅರಿಶಿನದ ಲೇಪವು ಒಡೆದ ಚರ್ಮದ ಮೇಲೆ ಉರಿಯೆಬ್ಬಿಸಿ ಮಗುವನ್ನು ಚೀರಿಸಿತು.

ಬಳಿಕ ಪಥ್ಯ ಆರಂಭವಾಯಿತು. ಮೊದಲು ಹೋದುದು ಹಲಸಿನ ಹಣ್ಣು. (ಹಲಸಿನ ಮರಗಳಿಂದಲೇ ಹೆಸರು ಪಡೆಯಿತೆಂದು ಹೇಳಲಾಗುವ ಊರಿನಲ್ಲಿ ಹಲಸಿಗೆ ಮೊದಲ ಬಹಿಷ್ಕಾರ!) ಅನಂತರ ಕಡಲೆಕಾಯಿ, ಟೊಮ್ಯಾಟೊ, ಉದ್ದು. ಕೆ.ಆರ್. ಪುರದ ಬಂಧುಗಳು ಗೋಧಿಯನ್ನು ಬಿಡಿಸಿ ಎಂದರು. ಯಾರೋ ಹಾಲು ಮೊಸರುಗಳನ್ನೇ ನಿಲ್ಲಿಸಿ ಎಂದರು. ಇನ್ನೂ ಎದೆಹಾಲು ಕುಡಿಸುತ್ತಿದ್ದ ತಾಯಿ ತಾನೂ ಇವೆಲ್ಲವನ್ನೂ ತ್ಯಜಿಸಿದಳು. ಮೊಟ್ಟೆ ಮೀನುಗಳ ಪ್ರಶ್ನೆ ಆ ಮನೆಯಲ್ಲಿ ಎಂದೂ ಇರಲಿಲ್ಲ, ಕಂದಮೂಲಗಳಿರಲಿಲ್ಲ, ಬಹುಬೀಜವೆಂದು ಬದನೆಯಿರಲಿಲ್ಲ. ಬೇರೆ ಮನೆಗಳಲ್ಲಿ ಹಾಲನ್ನು ಬಿಡಿಸಿದರೆ ಮೊಟ್ಟೆಯಾದರೂ ಉಳಿದೀತು, ಆಲೂಗೆಡ್ಡೆಯಾದರೂ ಉಳಿದೀತು. ಜೈನ ಮಗುವಿನ ತಟ್ಟೆ ಮೊದಲೇ ವಿವೇಕದಿಂದ ಕಿರಿದಾದುದು. ಅದರಿಂದ ಇನ್ನಷ್ಟು ತೆಗೆದಾಗ ಉಳಿದುದು ಅನ್ನ, ಹೆಸರುಬೇಳೆಯ ತಿಳಿ, ಸೋರೆಕಾಯಿ, ಬಾಳೆಹಣ್ಣು.

ಮೂರು ತಿಂಗಳು ಹೀಗೆ ಕಳೆಯಿತು. ತಾಯಿ ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಎಡಕ್ಕೆ ಆಹಾರ, ಬಲಕ್ಕೆ ತುರಿಕೆ ಎಂದು ದಿನವೂ ಬರೆದಿಡುತ್ತಿದ್ದಳು. ಎಡಭಾಗ ಕ್ಷೀಣಿಸುತ್ತಾ ಬಂದರೂ ಬಲಭಾಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ವಾರ ಇಳಿಯುವುದು, ಮರುವಾರ ಏರುವುದು. ಇಳಿದಾಗ ಪಥ್ಯದ ಫಲವೆಂದೂ ಏರಿದಾಗ ಪಥ್ಯ ಸಾಲದೆಂದೂ ಅರ್ಥ ಮಾಡಲಾಯಿತು. ತಾನಾಗಿಯೇ ಏರಿಳಿಯುವ ರೋಗದಲ್ಲಿ ಮನುಷ್ಯನ ಬುದ್ಧಿ ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂಬುದಕ್ಕೆ ಆ ಪುಸ್ತಕದ ಪುಟಗಳೇ ಸಾಕ್ಷಿ.

ಈ ನಡುವೆ ಕೆ.ಆರ್. ಪುರದ ಬಂಧುಗಳ ಮೂಲಕ ಒಂದು ಲೇಪ ಬಂದಿತು. ಚೀಟಿಯಿಲ್ಲದ ಪುಟ್ಟ ಡಬ್ಬಿ. ಶುದ್ಧ ಗಿಡಮೂಲಿಕೆಯೆಂಬ ಭರವಸೆ. ಹಚ್ಚಿದ ನಾಲ್ಕನೆಯ ದಿನಕ್ಕೆ ಮಗುವಿನ ಕೆನ್ನೆ ತಿಳಿಯಾಯಿತು. ಮನೆಯಲ್ಲಿ ಹಬ್ಬದ ಸಂತೋಷ! ಡಬ್ಬಿ ಮುಗಿದ ಹತ್ತು ದಿನಗಳಲ್ಲಿ ಮೊದಲಿಗಿಂತ ಇಮ್ಮಡಿಯಾಗಿ ಕೆಂಪು ಮರಳಿತು. ಮಾತೃಸಹಜವಾದ ಅನುಮಾನದಿಂದ ಆಕೆ ಆ ಖಾಲಿ ಡಬ್ಬಿಯನ್ನು ಸೆರಗಿನ ಗಂಟಿನಲ್ಲಿರಿಸಿಕೊಂಡು ಶಿವಾಜಿನಗರದ ಆಸ್ಪತ್ರೆಯೊಂದರ ಚರ್ಮವೈದ್ಯೆಯ ಬಳಿಗೆ ಹೋದಳು.

ವೈದ್ಯೆ ಡಬ್ಬಿಯನ್ನು ಮೂಸಿ ನೋಡಿ, ಮಗುವಿನ ಕೆನ್ನೆಯ ತೆಳುವಾದ ಚರ್ಮವನ್ನು ನೋಡಿ, ಇದರಲ್ಲಿ ಪ್ರಬಲವಾದ ಸ್ಟೀರಾಯ್ಡ್ ಬೆರೆಸಿರುವ ಸಂಭವವೇ ಹೆಚ್ಚು ಎಂದರು. ಇಂತಹ ಕಲಬೆರಕೆ ಅಪರೂಪವಲ್ಲ. 2018ರಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಬೇಕಾಯಿತು. ಆದರೆ ಹೆಸರಿಲ್ಲದ ಡಬ್ಬಿಗೆ ಯಾವ ನಿಯಮ ತಾನೆ ಅನ್ವಯಿಸೀತು? ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಗಳ ವಿಷಯವೂ ಚಿಂತನೀಯವೇ. ಬಾಸ್ಟನ್ ನಗರದ ಅಂಗಡಿಗಳಲ್ಲಿ ದೊರೆತ ದಕ್ಷಿಣ ಏಷ್ಯಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶವಿದ್ದುದಾಗಿ 2004ರಲ್ಲಿ ಪ್ರಕಟವಾಯಿತು. ಇದರಿಂದ ಆಯುರ್ವೇದಕ್ಕೆ ಕಳಂಕ ಬರಬೇಕಾಗಿಲ್ಲ. ಕಳಂಕ ಬರುವುದು, ಡಬ್ಬಿಯೊಳಗೆ ಏನಿದೆಯೆಂದು ಕೇಳದೆ ಮಗುವಿನ ಮೈಗೆ ಹಚ್ಚುವ ಭೋಳೆತನಕ್ಕೆ.

ವೈದ್ಯೆ ಅನಂತರ ಮಗುವನ್ನು ತೂಗಿದರು. ಮೂರು ತಿಂಗಳಲ್ಲಿ ಬೆಳೆಯಬೇಕಾಗಿದ್ದ ಕೂಸು ಕಾಲು ಕೆ.ಜಿ. ಇಳಿದಿತ್ತು. “ಇಸುಬಿನಿಂದ ಮಗುವಿಗೆ ಅಪಾಯವಿಲ್ಲಮ್ಮ, ಹಸಿವಿನಿಂದ ಇದೆ” ಎಂದರು.

ಆ ಮಾತು ಆಕೆಯನ್ನು ಚುಚ್ಚಿತು. ಹಿಂದಿನ ಭಾನುವಾರವಷ್ಟೇ ಬಸದಿಯ ಸ್ವಾಧ್ಯಾಯದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನಡೆದಿತ್ತು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದೆಂಬುದನ್ನು ಕೇಳುವಾಗ, ಎತ್ತಿಗೆ ಹುಲ್ಲು ಹಾಕದ ರೈತನನ್ನೂ ಆಳಿಗೆ ಹೊತ್ತಿಗೆ ಸರಿಯಾಗಿ ಊಟವಿಕ್ಕದ ಯಜಮಾನನನ್ನೂ ಆಕೆ ನೆನೆದಿದ್ದಳು. ತನ್ನ ಮನೆಯ ತಟ್ಟೆ ನೆನಪಿಗೆ ಬಂದಿರಲಿಲ್ಲ.

ಸಂಜೆ ಅತ್ತೆಯವರೊಡನೆ ಈ ವಿಚಾರವನ್ನು ಎತ್ತಿದಾಗ ಅವರು ಸುಮ್ಮನಿರಲಿಲ್ಲ. ರೋಗನಿವಾರಣೆಗಾಗಿ ಲಂಘನ ಮಾಡಿಸುವುದು ನಿರೋಧವಲ್ಲ, ಕಷಾಯದಿಂದ ತಡೆದರೆ ಮಾತ್ರ ಅತಿಚಾರ ಎಂದರು. ಅದು ಸರಿಯಾದ ಮಾತೇ. ಶ್ರಾವಕಾಚಾರವನ್ನು ಬಲ್ಲವರು ಆ ಭೇದವನ್ನು ಒಪ್ಪುತ್ತಾರೆ. ಆದರೆ ಸೊಸೆಯ ಪ್ರಶ್ನೆ ಬೇರೆಯಾಗಿತ್ತು. “ಅತ್ತೆ, ನಮ್ಮ ಭಾವ ಒಳ್ಳೆಯದೇ ಇತ್ತು. ಆದರೆ ಪುಸ್ತಕದಲ್ಲಿ ಎರಡನೆಯ ತಿಂಗಳಿಗೇ ಗುಣವಿಲ್ಲವೆಂದು ಕಂಡಮೇಲೂ ಮುಂದುವರಿಸಿದೆವಲ್ಲ, ಅದು ಪ್ರಮಾದವಲ್ಲವೇ?” ಅತ್ತೆಯವರು ಉತ್ತರ ಕೊಡದೆ ದೀಪ ಹಚ್ಚಲು ಎದ್ದರು. ಮಗುವಿಗೆ ಹಿಂದಿನ ಅಸಾತಾವೇದನೀಯದ ಉದಯವಿದೆಯೆಂದು ಅವರು ಆಗಾಗ ಹೇಳುತ್ತಿದ್ದುದುಂಟು. ಉದಯವಿದ್ದೀತು, ಅದಕ್ಕೆ ನಿಮಿತ್ತವಾಗುವ ಹೊಣೆಯನ್ನು ಹಿರಿಯರು ಹೊರಬೇಕಾಗಿಲ್ಲ. ಉಪವಾಸದ ಮಹಿಮೆ ಅರಿತು ಸ್ವೀಕರಿಸುವವನಿಗೆ ಸಲ್ಲುತ್ತದೆ. ಎರಡು ವರ್ಷದ ಮಗು ಯಾವ ಪ್ರತ್ಯಾಖ್ಯಾನವನ್ನು ಮಾಡಿತ್ತು?

ಚಿಕಿತ್ಸೆ ಸರಳವಾಗಿತ್ತು, ಆದರೆ ಶ್ರಮದ್ದು. ಬಿಸಿನೀರಿನ ಬದಲು ಉಗುರುಬೆಚ್ಚನೆಯ ನೀರಿನಲ್ಲಿ ಐದರಿಂದ ಹತ್ತು ನಿಮಿಷದ ಸ್ನಾನ. ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತೇವವಾಗಿರುವಾಗಲೇ ದಪ್ಪನಾಗಿ ಸ್ನಿಗ್ಧಲೇಪ. ಕೆರಳಿದ ಸ್ಥಳಗಳಿಗೆ ಮಾತ್ರ, ಕೆಲವೇ ದಿನ, ಮೃದುವಾದ ಸ್ಟೀರಾಯ್ಡ್. ಅದಕ್ಕೂ ಅಳತೆಯುಂಟು: ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದಕ್ಕೆ ಹಿಂಡಿದ ಲೇಪ, ಅಂದರೆ ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಗಳಷ್ಟು ಚರ್ಮಕ್ಕೆ ಸಾಕು. ಸ್ಟೀರಾಯ್ಡೆಂದರೆ ಬೆಚ್ಚುವ ಮನೆ, ತಿಳಿಯದೆ ಪ್ರಬಲವಾದುದನ್ನೇ ಹಚ್ಚಿ, ತಿಳಿದು ಮೃದುವಾದುದಕ್ಕೆ ಹೆದರಿತು. ಕೆ.ಆರ್. ಪುರದ ಕೊಳವೆಬಾವಿಯ ಗಡಸುನೀರೇ ಕಾರಣವೆಂಬ ಸಂದೇಹವೂ ಎದ್ದಿತು. ಇಂಗ್ಲೆಂಡಿನಲ್ಲಿ 336 ಮಕ್ಕಳ ಮನೆಗಳಲ್ಲಿ ನೀರನ್ನು ಮೆದುಗೊಳಿಸುವ ಯಂತ್ರವನ್ನು ಪರೀಕ್ಷಿಸಿದಾಗ ಇಸುಬಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲವೆಂದು 2011ರಲ್ಲಿ ವರದಿಯಾಯಿತು. ಯಂತ್ರಕ್ಕೆ ಕೂಡಿಟ್ಟ ಹಣ ಉಳಿಯಿತು.

ಮನೆಯ ಔಷಧಿಗಳೆಲ್ಲ ವ್ಯರ್ಥವೆಂದು ವೈದ್ಯೆ ಹೇಳಲಿಲ್ಲ. ಕೊಬ್ಬರಿ ಎಣ್ಣೆಯನ್ನು ಮೆಚ್ಚಿದರು. ಫಿಲಿಪೀನ್ಸ್‌ನಲ್ಲಿ 117 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಾಜಾ ಕೊಬ್ಬರಿ ಎಣ್ಣೆ ಖನಿಜತೈಲಕ್ಕಿಂತ ಗುಣಕಾರಿಯೆನಿಸಿತ್ತು. ಸಾಸಿವೆಯೆಣ್ಣೆ ಬೇಡವೆಂದರು. ಅದು ಚರ್ಮದ ಪದರವನ್ನು ಕೆಡಿಸಬಲ್ಲುದು.

ಸ್ನಿಗ್ಧಲೇಪವನ್ನು ಆರಿಸುವಾಗ ಇನ್ನೊಂದು ಧರ್ಮಸಂಕಟ ಎದುರಾಯಿತು. ರಸೆಲ್ ಮಾರುಕಟ್ಟೆಯ ಸುತ್ತಣ ಗ್ರಂದಿಗೆ ಅಂಗಡಿಗಳಲ್ಲಿಯೂ ಔಷಧಿ ಅಂಗಡಿಗಳಲ್ಲಿಯೂ ಆಕೆ ಒಂದೊಂದು ಡಬ್ಬಿಯ ಹಿಂಬದಿಯನ್ನೂ ಓದಿದಳು. ನೈಸರ್ಗಿಕವೆಂದು ಹೆಸರಾದವುಗಳಲ್ಲೇ ಜೇನುಮೇಣ, ಜೇನುತುಪ್ಪ, ಕುರಿಯ ಉಣ್ಣೆಯ ಕೊಬ್ಬು. ಕೂಸುಗಳಿಗೆ ತೇಯ್ದು ನೆಕ್ಕಿಸುವ ಗೋರೋಜನವಾದರೂ ಹಸುವಿನ ಪಿತ್ತಕೋಶದ ಕಲ್ಲು. ಕೊನೆಗೆ ಅಹಿಂಸೆಯ ದೃಷ್ಟಿಯಿಂದ ನಿರಾಕ್ಷೇಪವಾಗಿ ಉಳಿದುದು ಭೂಮಿಯೊಳಗಿನ ತೈಲದಿಂದ ಕಾರ್ಖಾನೆಯಲ್ಲಿ ತಯಾರಾಗುವ ಬರಿಯ ಬಿಳಿಯ ಪೆಟ್ರೋಲಿಯಂ ಜೆಲ್ಲಿ! ನೈಸರ್ಗಿಕವಾದುದೆಲ್ಲ ಪ್ರಾಸುಕವಲ್ಲ ಎಂಬ ಅರಿವು ಜೈನರಿಗೆ ಹೊಸದೇನಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ಮದ್ಯ ಮಾಂಸ ಮಧುಗಳಿಲ್ಲದ ವೈದ್ಯವನ್ನು ನಿರೂಪಿಸಿದರು. ನೃಪತುಂಗನ ಆಸ್ಥಾನದಲ್ಲಿ ವೈದ್ಯರ ಮುಂದೆ ಮಾಂಸದ ನಿಷ್ಪ್ರಯೋಜಕತೆಯನ್ನು ವಾದಿಸಿದರು. ಅವರು ಔಷಧವನ್ನೇ ಬಿಡಿ ಎನ್ನಲಿಲ್ಲ. ಬೇರೆ ಔಷಧವನ್ನು ಹುಡುಕಿಕೊಟ್ಟರು.

ಬಿಡಿಸಿದ ಆಹಾರಗಳು ವೈದ್ಯೆಯ ಸಲಹೆಯಂತೆ ಒಂದೊಂದಾಗಿ ಮರಳಿದವು. ಮೊದಲು ಮೊಸರು, ಅನಂತರ ಹಾಲು, ಗೋಧಿ, ಉದ್ದು. ಕಡಲೆಕಾಯಿಯನ್ನು ನುಣ್ಣಗೆ ಅರೆದು ಗಂಜಿಯಲ್ಲಿ ಬೆರೆಸಿದ್ದಾಯಿತು. ಇಸುಬಿರುವ ಶಿಶುಗಳಿಂದ ಕಡಲೆಕಾಯಿಯನ್ನು ದೂರವಿಡುವುದೇ ಮುಂದೆ ಅದು ಒಗ್ಗದಂತೆ ಮಾಡಬಲ್ಲುದೆಂದು ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ತೋರಿಸಿತ್ತು. ಇವಾವುವೂ ಮಗುವನ್ನು ಬಾಧಿಸಲಿಲ್ಲ. ಬಾಧಿಸಿದುದು ಯಾರೂ ಶಂಕಿಸದ ಗೋಡಂಬಿ. ಪಾಯಸದ ಒಂದು ಚೂರಿಗೆ ಹತ್ತು ನಿಮಿಷದೊಳಗೆ ತುಟಿ ಊದಿ ಮೈಮೇಲೆ ದದ್ದುಗಳೆದ್ದವು. ಇಸುಬಿನ ನಿಧಾನವಾದ ತುರಿಕೆ ಬೇರೆ, ಆಹಾರ ಒಗ್ಗದೆ ಕ್ಷಣದಲ್ಲಿ ಏಳುವ ಈ ವಿಕಾರ ಬೇರೆ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕೆಂದು ವೈದ್ಯೆ ಎಚ್ಚರಿಸಿದರು. ಪಥ್ಯದ ಪಟ್ಟಿಯಲ್ಲಿ ಉಳಿದುದು ಅದೊಂದೇ.

ಇಸುಬು ಇಂದಿಗೂ ಪೂರ್ಣವಾಗಿ ಹೋಗಿಲ್ಲ. ಪ್ರತಿವರ್ಷ ಚಳಿಗಾಲದಲ್ಲಿ ಮೊಣಕಾಲಿನ ಮಡಿಕೆ ಕೆಂಪಾಗುತ್ತದೆ, ಡಬ್ಬಿ ಹೊರಬರುತ್ತದೆ. ಮಗು ಈಗ ಶಾಲೆಗೆ ಹೋಗುತ್ತದೆ. ಕಳೆದ ಬೇಸಗೆಯಲ್ಲಿ ಅತ್ತೆಯವರೇ ಕೈಗೆ ಎಣ್ಣೆ ಸವರಿಕೊಂಡು ಹಲಸು ಬಿಡಿಸಿ ಮೊಮ್ಮಗಳಿಗೆ ಮೂರು ತೊಳೆ ಕೊಟ್ಟರು.

ಬಸದಿಯಲ್ಲಿ ಪೂಜೆಯ ದಿನ ಪ್ರಸಾದದ ಪಾಯಸವನ್ನು ಬಡಿಸುವವರಿಗೆ ಮೊದಮೊದಲು ತಾಯಿ ಸಂಕೋಚದಿಂದ ವಿಷಯ ತಿಳಿಸಬೇಕಾಗುತ್ತಿತ್ತು. ಪ್ರಸಾದವನ್ನು ಬೇಡವೆನ್ನುವುದೇ ಎಂದು ಕೆಲವರು ಹುಬ್ಬೇರಿಸಿದುದೂ ಉಂಟು. ಕಳೆದ ಮಹಾವೀರ ಜಯಂತಿಯಿಂದ ಅಡಿಗೆಯವರು ಗೋಡಂಬಿ ಬೆರೆಸುವ ಮೊದಲೇ ಒಂದು ಪಾತ್ರೆಯಷ್ಟನ್ನು ಬೇರೆ ಸೌಟಿನೊಡನೆ ಪ್ರತ್ಯೇಕವಾಗಿ ಇಡುತ್ತಿದ್ದಾರೆ. ಮೊದಲ ದಿನವೇ ಇನ್ನೂ ಇಬ್ಬರು ತಾಯಂದಿರು ಆ ಪಾತ್ರೆಯ ಮುಂದೆ ಬಂದು ನಿಂತರು.