ಅಜ್ಜಾ, ನೀ ಬರಬ್ಯಾಡ

“ಅಜ್ಜಾ, ಮುಂದಿನ ಸಲ ನೀ ಬರಬ್ಯಾಡ.”

ಗಾಂಧಿ ಚೌಕದಲ್ಲಿ ಆಟೊ ಇಳಿದು ಮನೆಯ ಗಲ್ಲಿಗೆ ಹೊರಳುವಾಗ ಮೊಮ್ಮಗ ಅಂದ ಮಾತಿದು. 13 ವರ್ಷದವ. ಅವತ್ತು ಶಾಲಾ ಮಕ್ಕಳ ಕುಸ್ತಿಯಲ್ಲಿ ಸೋತಿದ್ದ. ಸೋತ ಸಿಟ್ಟು ಇರಬೇಕು ಎಂದುಕೊಂಡು ಬಾಳೆಹಣ್ಣಿನ ಗಾಡಿಯ ಮುಂದೆ ನಿಂತೆ. ಅವನು ನಿಲ್ಲದೆ ನಡೆದೇಬಿಟ್ಟ.

ನಾನು ಮಣ್ಣಿನ ಕುಸ್ತಿಯವ. ಹುಡುಗನಿದ್ದಾಗ ತಿಕೋಟಾ ಕಡೆಯ ಜಾತ್ರೆಗಳಲ್ಲಿ ತೆಂಗಿನಕಾಯಿ ಬಹುಮಾನಕ್ಕೆ ಕುಸ್ತಿ ಹಿಡಿದವನು. ನಿಕಾಲಿ ಕುಸ್ತಿಗೆ ಪಾಯಿಂಟ್ ಇಲ್ಲ. ಬೆನ್ನು ನೆಲಕ್ಕೆ ಹತ್ತಿದರೆ ಚಿತ್, ಆಟ ಮುಗಿಯಿತು. ಬೆನ್ನಿನ ಮಣ್ಣು ಊರಿಗೆಲ್ಲ ಕಾಣುತ್ತಿತ್ತು. ತೀರ್ಪು ಹೇಳುವ ಪಂಚರು ಪಟಕಾ ಸುತ್ತಿದ ಹಿರಿಯ ಪೈಲ್ವಾನರು. ಅವರೆದುರು ನಮ್ಮಪ್ಪ ತುಟಿ ಬಿಚ್ಚಿದ್ದು ನನಗೆ ನೆನಪಿಲ್ಲ. ಆಗ ಜಗಳವೇ ಇರಲಿಲ್ಲ ಅಂತಲ್ಲ. ಕಣದ ಹೊರಗೆ ಬಡಿಗೆ ಎತ್ತಿದವರನ್ನೂ ನೋಡಿದ್ದೇನೆ.

ಮ್ಯಾಟ್ ಮೇಲಿನ ಕುಸ್ತಿ ಬೇರೆ. ರೆಫರಿಯ ಎಡಗೈಗೆ ಕೆಂಪು ಪಟ್ಟಿ, ಬಲಗೈಗೆ ನೀಲಿ. ಪಾಯಿಂಟ್ ಗಳಿಸಿದವನ ಬಣ್ಣದ ಕೈ ಎತ್ತಿ ಬೆರಳು ತೋರಿಸುತ್ತಾರೆ. ಎದುರಾಳಿಯನ್ನು ಕೆಡವಿ ಹಿಡಿತಕ್ಕೆ ತಂದರೆ ಎರಡು. 9 ಮೀಟರ್ ಅಗಲದ ವೃತ್ತದ ಆಚೆ ಕಾಲಿಟ್ಟರೆ ಎದುರಿನವನಿಗೆ ಒಂದು. ಬೆನ್ನು ನೆಲಕ್ಕೆ ಹತ್ತದೆಯೂ ಸೋಲಬಹುದು. ನನಗೆ ಹಿಡಿಸದ್ದು ಇದೇ.

ಅವತ್ತು ಮೊಮ್ಮಗ ಕೆಂಪು. ಅರ್ಧ ನಿಮಿಷ ಉಳಿದಿತ್ತು, 3–2 ಮುಂದಿದ್ದ. ನೀಲಿ ಹುಡುಗ ಅಂಚಿಗೆ ನೂಕಿದ. ರೆಫರಿ ನೀಲಿ ಪಟ್ಟಿಯ ಕೈಯ ಒಂದು ಬೆರಳು ಎತ್ತಿದರು. 3–3. ರೆಫರಿ 25 ದಾಟಿರದ ಹೆಣ್ಣುಮಗಳು. ನಾನು ಎದ್ದು ನಿಂತು ಒದರಿದೆ: “ಏ ತಂಗಿ, ಕಣ್ಣ ಎಲ್ಲಿಟ್ಟಿ? ಅವ್ರ ಕಡೆಯಿಂದ ಎಷ್ಟ ತಗೊಂಡಿ?”

ಮೂಲೆಯ ಕುರ್ಚಿಯಲ್ಲಿದ್ದ ಉಸ್ತಾದರನ್ನೂ ಬಿಡಲಿಲ್ಲ. “ಚಾಲೆಂಜ್ ಹಾಕ್ರಿ!” ಎಂದೆ. ದೊಡ್ಡ ಪಂದ್ಯಗಳಲ್ಲಿ ಕೋಚ್ ಒಂದು ಮೆತ್ತನೆಯ ತುಂಡು ಒಳಗೆಸೆದು ತೀರ್ಪನ್ನು ಪ್ರಶ್ನಿಸಬಹುದು, ವಿಡಿಯೊ ನೋಡುತ್ತಾರೆ, ಕೋಚ್ ಹೇಳಿದ್ದು ತಪ್ಪಾದರೆ ಎದುರಿನವನಿಗೆ ಇನ್ನೊಂದು ಪಾಯಿಂಟ್. ನಮ್ಮ ಶಾಲಾ ಪಂದ್ಯಕ್ಕೆ ವಿಡಿಯೊ ಎಲ್ಲಿಂದ ಬರಬೇಕು? ಟಿವಿಯಲ್ಲಿ ಕಂಡದ್ದನ್ನು ಇಲ್ಲಿ ಕೇಳಿದ್ದೆ. ಉಸ್ತಾದರು ನನ್ನತ್ತ ನೋಡಲೂ ಇಲ್ಲ. ಅಷ್ಟರಲ್ಲಿ 3–5 ಆಗಿ ಆಟ ಮುಗಿದಿತ್ತು. ಮೊಮ್ಮಗ ನಿಯಮದಂತೆ ಎದುರಾಳಿಯ, ರೆಫರಿಯ, ಆ ಕಡೆಯ ಕೋಚ್‌ನ ಕೈ ಕುಲುಕಿ ಬಂದ.

ರಾತ್ರಿ ಮಗನ ಮೊಬೈಲಿನಲ್ಲಿ ಆ ಆಟ ಮತ್ತೆ ನೋಡಿದೆವು. ಮೊಮ್ಮಗನ ಬಲಗಾಲು ಗೆರೆಯ ಆಚೆ ಪೂರ್ತಿ ಊರಿತ್ತು. ಆಮೇಲೆ ನನ್ನ ದನಿ. ಅದೆಷ್ಟು ಕರ್ಕಶ! ಆ ದನಿಗೆ ಹುಡುಗ ಕತ್ತು ಹೊರಳಿಸಿ ನನ್ನತ್ತ ನೋಡುತ್ತಾನೆ. ಅದೇ ಗಳಿಗೆಯಲ್ಲಿ ನೀಲಿ ಹುಡುಗ ಅವನ ಕಾಲಿಗೆ ಕೈ ಹಾಕಿ ಕೆಡವುತ್ತಾನೆ. ಎರಡು ಪಾಯಿಂಟ್.

ಮಗ ಮೊಬೈಲ್ ಆರಿಸಿದ. ಮೊಮ್ಮಗ ಎದ್ದು ಒಳಗೆ ಹೋದ.

ಮರುದಿನ ಗರಡಿಗೆ ಹೋಗಿ ಉಸ್ತಾದರಿಗೆ ತಪ್ಪಾಯಿತು ಎಂದೆ. ಅವರು ಚಹಾ ತರಿಸಿದರು. 2021ರ ಟೋಕಿಯೊ ಒಲಿಂಪಿಕ್ಸಿನಲ್ಲಿ ನಮ್ಮ ದೀಪಕ್ ಪೂನಿಯಾ ಕಂಚಿನ ಪದಕದ ಆಟ ಸೋತಾಗ ಅವರ ವಿದೇಶಿ ಕೋಚ್ ರೆಫರಿಯ ಮೇಲೆ ಕೈಮಾಡಿ, ಒಲಿಂಪಿಕ್ಸಿನಿಂದಲೂ ಕೆಲಸದಿಂದಲೂ ಹೊರಬಿದ್ದದ್ದನ್ನು ನೆನಪಿಸಿದರು. 2025ರಲ್ಲಿ ಅಹಿಲ್ಯಾನಗರದ ಮಹಾರಾಷ್ಟ್ರ ಕೇಸರಿ ಪಂದ್ಯದಲ್ಲಿ ಒಬ್ಬ ಪೈಲ್ವಾನ ರೆಫರಿಗೆ ಒದ್ದು ಮೂರು ವರ್ಷ ನಿಷೇಧಕ್ಕೊಳಗಾದ. 2016ರ ರಿಯೊದಲ್ಲಂತೂ ಮಂಗೋಲಿಯದ ಇಬ್ಬರು ಕೋಚ್‌ಗಳು ತೀರ್ಪಿನ ಸಿಟ್ಟಿಗೆ ಮ್ಯಾಟ್ ಮೇಲೆಯೇ ಅಂಗಿ ಕಳಚಿದರು, ಒಬ್ಬ ಚಡ್ಡಿಯಲ್ಲೇ ನಿಂತ. ಪದಕ ಬರಲಿಲ್ಲ. ಕೇಳುತ್ತಿದ್ದ ಹುಡುಗರೆಲ್ಲ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ.

“ತಪ್ಪು ಅಂತ ನನಗ ಯಾಕ ಹೇಳ್ತೀರಿ, ಕಾಕಾ? ಆ ಹುಡುಗೀಗಿ ಹೇಳ್ರಿ,” ಎಂದು ಉಸ್ತಾದರು ಫೋನ್ ಹಚ್ಚಿಯೇ ಕೊಟ್ಟರು. ಏನು ಹೇಳಲಿ? “ನಿನ್ನೆ ಒದರಿದ ಮುದುಕ ನಾನs ನೋಡವ್ವಾ,” ಎಂದೆ.

“ಇರಲಿ ಬಿಡ್ರಿ ಅಜ್ಜಾರ, ನಮಗ ರೂಢಿ ಆಗೇತ್ರಿ. ಆದ್ರ ನಿಮ್ಮ ಹುಡುಗ ಅಂಚಿಗೆ ಬಂದಾಗ ಕಾಲು ನೋಡ್ಕೊಳ್ಳಂಗಿಲ್ರಿ. ಅದೊಂದು ತಿದ್ರಿ, ಭಾಳ ಚಲೋ ಆಡ್ತಾನ,” ಎಂದಳು.

ಅಷ್ಟು ಬೈಸಿಕೊಂಡವಳು ಹುಡುಗನ ಆಟವನ್ನು ನನಗಿಂತ ಚೆನ್ನಾಗಿ ನೋಡಿದ್ದಳು. ಆ ಮಾತನ್ನು ಮೊಮ್ಮಗನಿಗೆ ಹೇಳಿದೆ. ಫೋನ್ ಮಾಡಿದ್ದನ್ನೂ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಮೊನ್ನೆ ಸಂಜೆ ಅಂಗಳದಲ್ಲಿ ಸುಣ್ಣದಿಂದ ವೃತ್ತ ಬರೆದು, ಅಂಚಿನಲ್ಲಿ ತಿರುಗುವುದನ್ನು ಕಲಿಯುತ್ತಿದ್ದ. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಅವನ ಕಾಲು ಗೆರೆ ದಾಟಿತು. ಸುಮ್ಮನೆ ಒಂದು ಬೆರಳು ಎತ್ತಿದೆ.

“ಯಾವ ಕೈ ಎತ್ತಿದಿ?” ಎಂದ.

ನೋಡಿದರೆ ಎಡಗೈ. ಕೆಂಪು, ಅವನದೇ ಬಣ್ಣ. ಕೈ ಬದಲಿಸಿದೆ.

“ಹೂಂ. ಮುಂದಿನ ಸಲ ಬಾ. ನೀರಿನ ಬಾಟ್ಲಿ ನೀ ಹಿಡ್ಕೋ,” ಎಂದು ಮತ್ತೆ ವೃತ್ತದೊಳಗೆ ಹೋದ.