ಹಗೇವಿನ ಬಾಯಿ

ಮೊಣಕಾಲ ಕೆಳಗೆ ಕಟ್ಟಿದ ಜಂಗು ಹೆಜ್ಜೆಗೊಮ್ಮೆ ಝಣ್ ಎನ್ನುತ್ತದೆ. ಬಿಸಿಲಿಗೆ ಕಬ್ಬಿಣ ಕಾದು, ಮೀನಖಂಡಕ್ಕೆ ತಾಗಿದಲ್ಲೆಲ್ಲ ಉರಿ. ಹೆಗಲಲ್ಲಿ ಕಾವಿ ಜೋಳಿಗೆ, ಕೈಯಲ್ಲಿ ನಿಮಗಿಂತ ಗೇಣುದ್ದ ಹೆಚ್ಚಿರುವ ಬೆತ್ತ. ನಿಮಗೀಗ ಹದಿಮೂರು ವರ್ಷ. ಸವಡಿಯ ಓಣಿಯೊಂದರಲ್ಲಿ ಮೊದಲ ಸಲ ಒಬ್ಬರೇ ನಿಂತಿದ್ದೀರಿ. ಹಿರಿಯ ಅಯ್ಯನವರು ಆಚೆ ಓಣಿ ಹಿಡಿದರು. ಹೋಗುವಾಗ ಹೇಳಿದ್ದು ಎರಡೇ ಮಾತು: "ಕೂಗಿದ ಮ್ಯಾಲ ಬಾಗಲಾ ಬಿಟ್ಟು ಓಡಬ್ಯಾಡ. ಮಂದಿ ಮನಿಯೊಳಗ ಹಣಿಕಿ ಹಾಕಬ್ಯಾಡ."

ಕೂಗಬೇಕು. ನಾಲಿಗೆ ಅಂಗುಳಕ್ಕೆ ಅಂಟಿದೆ.

"ಧರ್ಮ ಕೋರಾನ್ನ ಭಿಕ್ಷಾ..."

ದನಿ ನಡುವೆ ಒಡೆದು ಕೀರಲಾಗುತ್ತದೆ. ಕಟ್ಟೆಯ ನೆರಳಲ್ಲಿದ್ದ ನಾಯಿ ಎದ್ದು ಗುರ್ ಎನ್ನುತ್ತದೆ. ಬೆತ್ತವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೀರಿ. ಅಂಗೈ ಬೆವರಿದೆ.

ಇದು 1973ರ ಬೇಸಿಗೆ. ರಾಜ್ಯದ ಹೆಸರು ಇನ್ನೂ ಮೈಸೂರು, ರೋಣ ತಾಲ್ಲೂಕು ಇನ್ನೂ ಧಾರವಾಡ ಜಿಲ್ಲೆಯಲ್ಲಿದೆ. ಹೋದ ವರ್ಷ ಮುಂಗಾರು ಹೋಯಿತು, ಹಿಂಗಾರಿ ಬಿಳಿಜೋಳವೂ ಹೋಯಿತು. ಊರ ಸುತ್ತಿನ ಎರಿ ಹೊಲ ಕಾಲು ಹೊಗುವಷ್ಟು ಬಾಯಿ ಬಿಟ್ಟಿದೆ. ಗಂಡಸರು ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದಾರೆ. ಮನೆಗಳಿಂದ ಬರುವ ರೊಟ್ಟಿಯ ವಾಸನೆಯೂ ಬೇರೆಯಾಗಿದೆ: ರೇಶನ್ನಿನ ಕೆಂಪು ಜೋಳದ್ದು, ಹಸಿ ಹಸಿ, ತುಸು ಕಮಟು. ಇಂಥ ವರ್ಷದಲ್ಲಿ ಜೋಳಿಗೆ ಹಿಡಿದು ಬೇಡುವುದು ಸರಿಯೇ ಎಂದು ನೀವು ಕೇಳಿಯೂ ಕೇಳಿದ್ದೀರಿ. ಅಯ್ಯನವರು ಶಿವಯೋಗಮಂದಿರದಲ್ಲಿ ಕಲಿತವರು. ಮಲಪ್ರಭೆಯ ದಂಡೆಯ ಆ ಸಂಸ್ಥೆಯನ್ನು 1909ರಲ್ಲಿ ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು ಅದಕ್ಕಾಗಿ ಊರೂರು ಜೋಳಿಗೆ ಹಿಡಿದವರು ಎನ್ನುವುದು ಅವರಿಗೆ ಸಾಕಾದ ಉತ್ತರ. "ಇದ್ದವರ ಮನೀದು ಇಲ್ಲದವರ ಹೊಟ್ಟಿಗೆ ಮುಟ್ಟಬೇಕಂದ್ರ ನಡುವ ಯಾರರೆ ಬೇಡಬೇಕಲೇ" ಎಂದರು. ಆದರೆ ಯಾವ ಮನೆ ಇದ್ದವರದು, ಯಾವುದು ಇಲ್ಲದವರದು? ಮಣ್ಣಿನ ಮಾಳಿಗೆ, ತಗ್ಗು ಬಾಗಿಲು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ.

ಈ ಮನೆಯೊಳಗಿನಿಂದ ಹೆಣ್ಣುದನಿ ಬರುತ್ತದೆ. "ನಿಂದರ್ರೀ ಸ್ವಾಮಿ, ತಂದೆ."

ನಿಲ್ಲುತ್ತೀರಿ. ಒಳಗೆ ಪಿಸುಮಾತು. ಕಲ್ಲು ನೆಲಕ್ಕೆ ಉಜ್ಜಿದ ಗರಗರ ಸದ್ದು. ಆಮೇಲೆ ಗಾಳಿಯಲ್ಲಿ ಒಂದು ವಾಸನೆ ತೇಲಿಬರುತ್ತದೆ, ಮುಗ್ಗಿದ ಜೋಳ, ಕೊಳೆತ ಕಣಿಕೆ, ಮೂಗಿನ ಒಳಗೋಡೆಗೆ ಚುಚ್ಚುವಂಥ ಹುಳಿ. ಎರಿ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಹಗೇವು ತೆಗೆದಿದ್ದಾರೆ.

ಆಳುದ್ದಕ್ಕೂ ಮಿಕ್ಕಿ ತೋಡಿದ ಕಣಜ ಅದು. ಕಿರಿದಾದ ಬಾಯಿ, ಕೆಳಗೆ ಗುಡಾಣದಂಥ ಹೊಟ್ಟೆ. ಸುಗ್ಗಿಯಲ್ಲಿ ಜೋಳ ತುಂಬಿ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ತೆಗೆದ ಕೂಡಲೇ ಇಳಿಯಬಾರದು. ಒಳಗಿನ ಕಾಳು, ಕಣಿಕೆ ಉಸಿರಾಡಿ ಉಸಿರಾಡಿ ಒಳ್ಳೆಯ ಗಾಳಿಯನ್ನೆಲ್ಲ ತಿಂದಿರುತ್ತವೆ. ಕೆಟ್ಟ ಗಾಳಿ ಭಾರ, ತಳದಲ್ಲೇ ಕೂತಿರುತ್ತದೆ. ತಿಳಿದವರು ಬಾಯಿ ತೆರೆದು ಹೊತ್ತುಗಟ್ಟಲೆ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಇಳಿಯುತ್ತಾರೆ.

ಒಳಗೆ ಆಕೆ ಹೇಳುತ್ತಿದ್ದಾಳೆ: "ಬುಡದಾಗ ಒಂದೀಟರೆ ಇರ್ತೈತಿ. ಬಳಕೊಂಡು ಬಂದುಬಿಡು ಮಗನ. ಅಯ್ಯಾರು ನಿಂತಾರ."

ಅಯ್ಯಾರು. ಅಂದರೆ ನೀವು. ನೀವು ಕೂಗಿದ್ದಕ್ಕೆ ಯಾವುದೋ ಹುಡುಗ ಆ ತೂತಿನೊಳಗೆ ಇಳಿಯುತ್ತಿದ್ದಾನೆ.

ಮುಂದಿನ ಮನೆಗೆ ಸರಿದುಬಿಡಬಹುದು. ಆದರೆ ಬಾಗಿಲಿಗೆ ಬಂದ ಜಂಗಮ ಬರಿಗೈಲಿ ಹೋದನೆಂದು ಆಕೆ ಈ ವರ್ಷದ ಕಷ್ಟಕ್ಕೆಲ್ಲ ಅದನ್ನೇ ಕಾರಣ ಮಾಡಿಕೊಂಡಾಳು. ನಿಂತರೆ? ಕಾಲು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಬೆನ್ನಗುಂಟ ಬೆವರು ಇಳಿಯುತ್ತಿದೆ.

"ಯವ್ವಾ, ಚಿಮಣಿ ಆರಿತು."

ಆ ದನಿ ನೆಲದೊಳಗಿನಿಂದ ಬಂದದ್ದು. ಎಳೆಯದು. ಆಮೇಲೆ ಕೆಮ್ಮು. ಎರಡು ಸಲ. ಆಮೇಲೆ ಏನೂ ಇಲ್ಲ.

ಹೊಸ್ತಿಲು ದಾಟುತ್ತೀರಿ. ಬೆತ್ತ ಬೀಳುತ್ತದೆ. ಕತ್ತಲು. ಹಣೆ ಬಾಗಿಲಿಗೆ ಬಡಿಯುತ್ತದೆ. "ತೆಗೀರಿ, ಮ್ಯಾಲ ತೆಗೀರಿ ಅವನ್ನ!" ಇದು ಭಿಕ್ಷೆ ಕೂಗುವ ದನಿಯಲ್ಲ, ಎಲ್ಲಿತ್ತೋ ಏನೋ. ಪಡಸಾಲೆಯ ನೆಲದಲ್ಲಿ ಕರಿ ಬಾಯಿ. ಆಕೆ ಹಗ್ಗ ಹಿಡಿದು ಕಲ್ಲಾಗಿದ್ದಾಳೆ. ನೀವೂ ಹಗ್ಗಕ್ಕೆ ಕೈ ಹಾಕುತ್ತೀರಿ. ಎಳೆ. ಹುರಿ ಅಂಗೈ ಸುಲಿಯುತ್ತದೆ. ಎಳೆ. ಕಂಕುಳಿಗೆ ಹಗ್ಗ ಬಿಗಿದಿದ್ದ ಮೈ ಬಾಯಂಚಿಗೆ ಬಂದು ಸಿಕ್ಕಿಕೊಳ್ಳುತ್ತದೆ. ತೋಳು ಹಿಡಿದು ಜಗ್ಗಿದಾಗ ಹುಡುಗ ನಿಮ್ಮ ಮೇಲೆಯೇ ಬೀಳುತ್ತಾನೆ. ಏಳೆಂಟು ವರ್ಷದವ. ತುಟಿ ಕಪ್ಪಿಟ್ಟಿವೆ. ಒಂದು ಕ್ಷಣ. ಇನ್ನೊಂದು. ಆಮೇಲೆ ದೊಡ್ಡದೊಂದು ಉಸಿರು ಎಳೆದು, ವಾಂತಿ ಮಾಡಿ, ಅಳತೊಡಗುತ್ತಾನೆ. ಅಳು ಇಷ್ಟು ಹಿತವಾಗಿ ಕೇಳಿಸಬಹುದೆಂದು ಯಾರು ತಿಳಿದಿದ್ದರು!

ಆಕೆ ಮಗನನ್ನು ಅವುಚಿಕೊಂಡಿದ್ದಾಳೆ. ನಿಮ್ಮ ಕಡೆ ನೋಡುತ್ತಿಲ್ಲ. "ಬರಿಗೈಲೆ ಹೆಂಗ ಕಳಸಲಿ" ಎಂದು ಗೋಡೆಗೆ ಹೇಳಿದಂತೆ ಹೇಳುತ್ತಾಳೆ.

ಇದು ಹಗ್ಗ ಎಳೆದದ್ದಕ್ಕಿಂತ ಕಷ್ಟ. ದಾರಿಯಲ್ಲಿ ಅಯ್ಯನವರು ಹೇಳಿದ ಕಥೆ ನೆನಪಾಗುತ್ತದೆ: ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಜಂಗಮರಿಗೆ ಉಣಿಸುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದ. ಅದನ್ನು ಅಲ್ಲೇ ಸುರಿದು ಬಾ ಎಂದಳು ಹೆಂಡತಿ ಲಕ್ಕಮ್ಮ. (ದಾಸೋಹದ ಕಥೆಗಳಲ್ಲೆಲ್ಲ ನನಗೆ ಇದೇ ನಿಷ್ಠುರವಾದದ್ದು ಅನಿಸುತ್ತದೆ. ಕಲ್ಯಾಣದಲ್ಲಿ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ದಿನವೂ ಉಣಿಸುತ್ತಿದ್ದರೆಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಒಂದು ಹಿಡಿ ಹೆಚ್ಚಾದದ್ದನ್ನು ಲೆಕ್ಕ ಹಿಡಿದವಳು ಇವಳೊಬ್ಬಳು.) ಆದರೆ ಲಕ್ಕಮ್ಮ ಹೆಚ್ಚಾದದ್ದಕ್ಕೆ ದಾರಿ ಹೇಳಿದಳು, ಏನೂ ಇಲ್ಲದ ಮನೆಗೆ ಹೇಳಲಿಲ್ಲ. ಬೇಡ ಎಂದರೆ ಆಕೆಯ ಕೈ ತಿರಸ್ಕರಿಸಿದಂತೆ. ಬೇಕು ಎಂದರೆ ಏನು ಬೇಡುವುದು?

ನಿನ್ನೆಯ ನುಚ್ಚು ಸಪ್ಪಗಿತ್ತು. ಅದು ಬಾಯಿಗೆ ಬರುತ್ತದೆ.

"ಉಪ್ಪು ಐತೇನವ್ವಾ? ನಾಕ ಹಳ್ಳು ನೀಡು. ನಿನ್ನೆ ಉಪ್ಪಿಲ್ಲದ ಉಂಡೀವಿ."

ಆಕೆ ತಲೆಯೆತ್ತುತ್ತಾಳೆ. ಭಿಕ್ಷೆಗೆ ಉಪ್ಪೇ? ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು ಬೇರೆ. ಮೊರ ತಂದು, ಅದರಲ್ಲಿ ಹಿಡಿ ಉಪ್ಪು ಹಾಕಿ, ಸೆರಗು ಸರಿಪಡಿಸಿಕೊಂಡು, ಜೋಳಿಗೆಗೆ ಸುರಿಯುತ್ತಾಳೆ. ಬೊಗ್ಗಿ "ಶರಣ್ರಿ" ಎನ್ನುತ್ತಾಳೆ. ಹುಡುಗನ ಹಣೆಗೆ ವಿಭೂತಿ ಹಚ್ಚುವಾಗ ಸುಲಿದ ಅಂಗೈ ಚುರುಚುರು ಎನ್ನುತ್ತದೆ.

ಸಂಜೆ ಗುಡಿಯ ಕಟ್ಟೆಯ ಮೇಲೆ ಮೂರು ಕಲ್ಲಿನ ಒಲೆ. ಎರಡು ಜೋಳಿಗೆಯದೂ ಒಂದೇ ಗಡಿಗೆಗೆ ಬಿದ್ದಿದೆ: ಕೆಂಪು ಜೋಳ, ಸಜ್ಜೆ, ಚೂರು ಹುರುಳಿ, ಮೇಲೆ ಆ ಉಪ್ಪು. ನಿಮ್ಮ ಅಂಗೈ ನೋಡಿ ಅಯ್ಯನವರು ಕೇಳಿದರು, ನೀವು ಹೇಳಿದಿರಿ. ಹೊಸ್ತಿಲು ದಾಟಿದ್ದನ್ನೂ ಹೇಳಿದಿರಿ. ಅವರು ಸೌಟು ತಿರುವುತ್ತಲೇ ಇದ್ದರು.

ಗಡಿಗೆಯ ಸುತ್ತ ತಾಟು ಹಿಡಿದ ಮಂದಿ ಸೇರಿದ್ದಾರೆ. ಮುದುಕರು, ಮಕ್ಕಳು. ಅಯ್ಯನವರದೂ ನಿಮ್ಮದೂ ಊಟ ಎಲ್ಲರದಾದ ಮೇಲೆ. ನೀಡುತ್ತ ನೀಡುತ್ತ ಒಂದು ತಾಟಿನ ಮುಂದೆ ನಿಮ್ಮ ಸೌಟು ನಿಲ್ಲುತ್ತದೆ. ತಾಟು ಹಿಡಿದವನ ಹಣೆಯ ವಿಭೂತಿ ಇನ್ನೂ ಅಳಿಸಿಲ್ಲ.

"ನೀನ ಅಲ್ಲೇನು ಒದರಿದಾವ?" ಎಂದು ಹುಡುಗ ಕೇಳುತ್ತಾನೆ. ದನಿಯಲ್ಲಿ ಸಿಟ್ಟು. "ತಳದಾಗ ಜ್ವಾಳ ಇತ್ತು. ನಾ ನೋಡೀನಿ."

"ನಾಳೆ ಗಾಳಿ ಆಡಲಿ, ದೀಪ ಬಿಟ್ಟು ನೋಡೂಣು" ಎನ್ನುತ್ತಾರೆ ಅಯ್ಯನವರು. "ನಾನೂ ಬರ್ತೀನಿ ನಿಮ್ಮನಿಗೆ."

ಹುಡುಗ ಒಪ್ಪಿದಂತಿಲ್ಲ. ತಾಟು ಮಾತ್ರ ಹಿಂದಕ್ಕೆ ಸರಿಯುವುದಿಲ್ಲ. ಇನ್ನೊಂದು ಸೌಟು ಹಾಕುತ್ತೀರಿ, ಗಡಿಗೆಯ ತಳ ಕೆರೆದ ಸದ್ದು ಕೇಳುತ್ತದೆ. ಅವನ ಹಿಂದೆ ಇನ್ನೂ ಒಂಬತ್ತು ಮಂದಿ ಇದ್ದಾರೆ.

"ಏನ ನೋಡ್ತಿ? ಎರಡು ತಂಬಿಗಿ ನೀರು ಸುರುವು" ಎನ್ನುತ್ತಾರೆ ಅಯ್ಯನವರು, ಒಲೆಗೆ ಕಟಗಿ ದೂಡುತ್ತ.