ಸೂರಿನ ಕೆಳಗಿನ ಜಾಗ

ಮಂಗಳೂರಿನ ಕದ್ರಿ, ಬೆಂದೂರು, ಬಿಜೈ, ಜೆಪ್ಪುಗಳ ಒಳದಾರಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಹಂಚಿನ ಮನೆ ಮರಗಳ ನಡುವೆ ಉಳಿದುಕೊಂಡಿದೆ. ಹೊಕ್ಕವರೆಲ್ಲ ಮೊದಲು ಹೊಗಳುವುದು ಒಳಗಿನ ತಂಪನ್ನು. ಆಮೇಲೆ ನುಣುಪಾದ ಕಾವಿ ನೆಲವನ್ನು, ಹಲಸಿನ ಮರದ ಬಾಗಿಲನ್ನು, ಮರದ ಮುಚ್ಚಿಗೆಯನ್ನು. ಈ ಚೆಲುವಿಗೆ ಮನಸೋತು ಅದೇ ನೆಲ, ಅದೇ ಕಂಬ, ಅದೇ ತೂಗುಮಂಚವನ್ನು ಹೊಸ ಕಟ್ಟಡದೊಳಗೆ ತಂದು ಕೂರಿಸುವವರೂ ಈಗ ಬಹಳ. ಇಷ್ಟೆಲ್ಲ ಮಾಡಿದ ಮೇಲೂ ಏಪ್ರಿಲ್ ತಿಂಗಳ ಮಧ್ಯಾಹ್ನ ಏಸಿ ಇಲ್ಲದೆ ಅಲ್ಲಿ ಕೂರಲಾಗುವುದಿಲ್ಲ. ಏಕೆಂದರೆ ಹಳೆಯ ಮನೆಯ ಒಳಗಿನ ಸುಖ ಒಳಗೆ ಹುಟ್ಟಿದ್ದಲ್ಲ. ಗೋಡೆಯಿಂದ ಸೂರಿನ ಅಂಚಿನವರೆಗಿನ ಮೂರು ನಾಲ್ಕು ಅಡಿ ಜಾಗ, ಅದರಾಚೆಗಿನ ಅಂಗಳ, ಹಿತ್ತಿಲು ಇವೆಲ್ಲ ಸೇರಿ ಅದನ್ನು ಉಂಟುಮಾಡುತ್ತಿದ್ದವು. ಹೊರಗನ್ನು ಬಿಟ್ಟು ಒಳಗನ್ನಷ್ಟೇ ತಂದರೆ ಬರುವುದು ಮರ ಮತ್ತು ಬಣ್ಣ ಮಾತ್ರ ಎಂಬುದು ನನ್ನ ವಾದ.

ಮೊದಲು ಇಲ್ಲಿನ ಹವೆಯನ್ನು ನೋಡಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಬೆಂಗಳೂರಿನ ಮಳೆಯ ಮೂರು ಪಟ್ಟಿಗೂ ಮಿಕ್ಕಿ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬೇಸಿಗೆಯಲ್ಲಿ ಬಿಸಿಲು ರಾಯಚೂರು, ಕಲಬುರಗಿಗಳಷ್ಟು ಏರುವುದಿಲ್ಲ, ಆದರೆ ಸೆಕೆ ಬಿಡುವುದಿಲ್ಲ. ಗಾಳಿಯ ತುಂಬ ತೇವವಿರುವುದರಿಂದ ಮೈಯ ಬೆವರು ಆರುವುದಿಲ್ಲ. ಬಯಲುಸೀಮೆಯ ದಪ್ಪ ಗೋಡೆ, ಮಣ್ಣಿನ ಮಾಳಿಗೆಗಳು ಹಗಲಿನ ಬಿಸಿಯನ್ನು ತಡೆಹಿಡಿದು ರಾತ್ರಿಯ ತಂಪಿಗೆ ಬಿಟ್ಟುಕೊಡುತ್ತವೆ. ಕರಾವಳಿಯ ಬೇಸಿಗೆಯಲ್ಲಿ ಅಂಥ ರಾತ್ರಿಯೇ ಇಲ್ಲ. ಇಲ್ಲಿ ಮೈಗೆ ಹಿತವಾಗಬೇಕಾದರೆ ಬಿಸಿಲು ಗೋಡೆಗೆ ತಾಗಬಾರದು, ಗಾಳಿ ಆಡುತ್ತಲೇ ಇರಬೇಕು. ಮಳೆಗಾಲ ಬಂತೆಂದರೆ ಇನ್ನೊಂದು ತೊಡಕು: ಇರಚಲು ಒಳಗೆ ಬರಬಾರದು, ಹಾಗೆಂದು ಕಿಟಕಿ ಮುಚ್ಚಿದರೆ ಬಟ್ಟೆಬರೆಗೆ, ಪುಸ್ತಕಗಳಿಗೆ ಬೂಸ್ಟು ಹಿಡಿಯುತ್ತದೆ. ಈ ಎಲ್ಲವನ್ನೂ ಒಟ್ಟಿಗೆ ನಿಭಾಯಿಸುವುದು ಗೋಡೆಯಿಂದ ಮುಂದಕ್ಕೆ ಚಾಚಿ ತಗ್ಗಿ ಇಳಿಯುವ ಸೂರು. ಅದರಡಿಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾರೆ, ಹೂ ಕಟ್ಟುತ್ತಾರೆ, ಬಂದವರನ್ನು ಕೂರಿಸುತ್ತಾರೆ, ಸೆಕೆಯ ರಾತ್ರಿ ಚಾಪೆ ಹಾಸಿ ಮಲಗುತ್ತಾರೆ. ಮಳೆ ಹಿಡಿಯುವ ಮುಂಚೆ ಪಡುವಣ ಬದಿಗೆ ಮಡಲ ತಟ್ಟಿ ಕಟ್ಟುವುದು ವಾಡಿಕೆಯಾಗಿತ್ತು. ಹೆಣೆದ ತೆಂಗಿನ ಗರಿ ನೀರನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತಿತ್ತು. ಸೂರಿನಿಂದ ಬಿದ್ದ ನೀರು ಅಂಗಳದ ಮಣ್ಣಿನಲ್ಲಿ ಒಂದೇ ಸಾಲಿಗೆ ಸಣ್ಣ ಸಣ್ಣ ಕುಳಿ ತೋಡುತ್ತದೆ. ಆ ಸಾಲಿಗೂ ಗೋಡೆಗೂ ನಡುವೆ ಎಷ್ಟು ದೂರವಿದೆ ಎಂದು ನೋಡಿದರೆ ಸಾಕು, ಮನೆ ಎಷ್ಟು ತಂಪಾಗಿದ್ದೀತೆಂದು ಬಾಗಿಲು ದಾಟುವ ಮೊದಲೇ ಅಂದಾಜು ಮಾಡಬಹುದು.

ಇದನ್ನು ಅನಾದಿ ಕಾಲದಿಂದ ಬಂದ ಸಂಪ್ರದಾಯವೆಂದು ತಿಳಿಯಬೇಕಾಗಿಲ್ಲ. ಸೂರು ಹಳೆಯದು, ಹಂಚು ಹೊಸದು. ಹೆಚ್ಚಿನ ಮನೆಗಳಿಗೆ ಮುಳಿಹುಲ್ಲೋ ಮಡಲೋ ಹೊದಿಸುತ್ತಿದ್ದ ಊರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು, ಸುಡಲು ಸೌದೆ, ಸಾಗಿಸಲು ದೋಣಿ ಎಲ್ಲವೂ ಕೈಗೆಟಕುವಲ್ಲೇ ಇದ್ದುದರಿಂದ ಕಾರ್ಖಾನೆಗಳು ಬೇಗ ಹೆಚ್ಚಿದವು. ‘ಮಂಗಳೂರು ಹಂಚು’ ಕಡಲಾಚೆಗೂ ಹೋಯಿತು. ಈ ಹಂಚಿನ ಗುಣ ನೋಡಿ: ರೀಪಿನ ಮೇಲೆ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ, ನೀರನ್ನು ಇಳಿಸುತ್ತದೆ, ಆದರೆ ಸಂದುಗಳಿಂದ ಮೇಲೇರಿದ ಬಿಸಿಗಾಳಿಯನ್ನು ಹೊರಗೆ ಬಿಡುತ್ತದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ತಾನೂ ಆರುತ್ತದೆ. ಅದರಡಿಯ ಗೋಡೆ ಮುರಕಲ್ಲಿನದು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಈ ಕಲ್ಲನ್ನು ಬಣ್ಣಿಸಿದ್ದಾನೆ: ನೆಲದೊಳಗಿದ್ದಾಗ ಕಬ್ಬಿಣದ ಹತಾರದಿಂದ ಕತ್ತರಿಸುವಷ್ಟು ಮೆದು, ಗಾಳಿಗೆ ತೆರೆದಿಟ್ಟಂತೆ ಗಟ್ಟಿ. ಬರಿಮೈಯಲ್ಲಿ ನಿಂತ ಮುರಕಲ್ಲು ಮಳೆಯ ಹೊಡೆತಕ್ಕೆ ನೀರು ಕುಡಿದು ಹಾವಸೆ ಕಟ್ಟುತ್ತದೆ. ಆ ಗೋಡೆಯನ್ನು ಕಾಯುವುದೂ ಸೂರೇ.

ಸೂರಿನಾಚೆ ಹಿತ್ತಿಲು. ಅಲಂಕಾರದ ತೋಟವನ್ನು ನೋಡಿ ಅಭ್ಯಾಸವಾದವರಿಗೆ ಇದು ಅಡ್ಡಾದಿಡ್ಡಿ ಬೆಳೆದ ಹಾಗೆ ಕಾಣಬಹುದು, ಆದರೆ ಒಂದೊಂದು ಗಿಡವೂ ತನ್ನ ಕೆಲಸವಿರುವ ಕಡೆಯೇ ನಿಂತಿದೆ. ಬಟ್ಟೆ ಒಗೆಯುವ ಕಲ್ಲಿನಿಂದ ಹರಿದ ನೀರು ಬಾಳೆಯ ಬುಡಕ್ಕೆ ಹೋಗುತ್ತದೆ, ಅಲ್ಲಿಂದ ತಗ್ಗಿಗಿಳಿದ ನೀರಿನಲ್ಲಿ ಕೆಸು ಬೆಳೆಯುತ್ತದೆ. ಬಾವಿಕಟ್ಟೆಯ ಪಕ್ಕದಲ್ಲಿ ಬಸಳೆ ಚಪ್ಪರ. ಬಚ್ಚಲೊಲೆಯಲ್ಲಿ ಹಂಡೆಯಡಿ ಉರಿದ ತೆಂಗಿನ ಸಿಪ್ಪೆ, ಒಣ ಮಡಲುಗಳ ಬೂದಿ ಆ ಬಸಳೆಯ ಬುಡಕ್ಕೆ. ಪಡುವಣ ದಿಕ್ಕಿಗೆ ಹಲಸೋ ಜೀಗುಜ್ಜೆಯೋ ಇದ್ದರೆ ಇಳಿಹೊತ್ತಿನ ಓರೆಬಿಸಿಲು ಗೋಡೆ ಮುಟ್ಟುವುದಿಲ್ಲ. ಆ ಹೊತ್ತಿನ ಬಿಸಿಲನ್ನು ತಡೆಯಲು ಎಷ್ಟು ಉದ್ದದ ಸೂರಿದ್ದರೂ ಸಾಲದು, ಮರವೇ ಬೇಕು. ತೆಂಗು ಎತ್ತರದಲ್ಲಿ ನೆರಳು ಕೊಟ್ಟು ಕೆಳಗೆ ಗಾಳಿಗೆ ದಾರಿ ಬಿಡುತ್ತದೆ. ಬೇಲಿಯ ದಾಸವಾಳ, ಕೇಪಳಗಳು ದೇವರಿಗೆ ಹೂವಾಗುತ್ತವೆ, ದಾರಿಯ ಧೂಳಿಗೆ ಮರೆಯಾಗುತ್ತವೆ. ಮರದ ನೆರಳಿನಲ್ಲಿ, ಒದ್ದೆ ಮಣ್ಣಿನ ಮೇಲೆ ಹಾದು ಬಂದ ಗಾಳಿಯೇ ಜಗಲಿ ದಾಟಿ ಚಾವಡಿಗೆ ಬರುತ್ತದೆ. ಕಾವಿ ನೆಲ ಪಾದಕ್ಕೆ ತಣ್ಣಗೆನಿಸುವುದು ಅದರ ಮೇಲೆ ದಿನವಿಡೀ ಬಿಸಿಲು ಬೀಳದೆ ಇದ್ದಾಗಲಷ್ಟೇ.

ಇದಕ್ಕೆ ಅತ್ಯಂತ ಬಲವಾದ ಸಾಕ್ಷಿ ಹೊಸ ಮನೆಗಳಿಂದಲೇ ಸಿಗುತ್ತದೆ. ಕರಾವಳಿಯುದ್ದಕ್ಕೂ ಜನ ಸಾಲ ಮಾಡಿ ಕಾಂಕ್ರೀಟಿನ ಚಪ್ಪಟೆ ತಾರಸಿ ಹಾಕಿಸುತ್ತಾರೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಎರಡು ಬದಿಗೆ ಇಳಿಜಾರಾಗಿ ಶೀಟ್ ಹೊದಿಸುತ್ತಾರೆ. ಸೋರುವುದು ನಿಲ್ಲಲಿ, ಮಲಗುವ ಕೋಣೆಯ ಬಿಸಿ ತಗ್ಗಲಿ, ಬಟ್ಟೆ ಒಣಗಲಿ ಎಂದು. ಅಂದರೆ ಬೇಡವೆಂದು ತೆಗೆದ ಇಳಿಜಾರು ಮಾಡನ್ನು ಎರಡನೆಯ ಸಲ ದುಡ್ಡು ಕೊಟ್ಟು ಮತ್ತೆ ಕಟ್ಟಿಸಿದ ಹಾಗಾಯಿತು. ಕೆಳಗೆ ಅಂಗಳಕ್ಕೆ ಪಾಗಾರದವರೆಗೂ ಇಂಟರ್‌ಲಾಕ್ ಹಾಸಿರುತ್ತದೆ. ಕಾದ ಆ ಹಾಸಿನ ಮೇಲಿನಿಂದ ಬರುವ ಗಾಳಿಗೆ ಕಿಟಕಿ ತೆರೆಯಲಾಗದೆ ಏಸಿ ಬರುತ್ತದೆ. ಅಂಗಳದಲ್ಲಿ ಇಂಗಬೇಕಾಗಿದ್ದ ನೀರು ಗೇಟು ದಾಟಿ ರಸ್ತೆಗೆ ಹರಿದುಹೋಗುತ್ತದೆ. ಜೂನ್‌ನಲ್ಲಿ ಅಷ್ಟು ಮಳೆ ಬಿದ್ದ ಊರಿನ ಮನೆಗಳಿಗೇ ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು ಬರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಂಚಿನ ಮನೆಯ ಪಾಡು ಅನುಭವಿಸಿದವರಿಗೇ ಗೊತ್ತು ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ವರ್ಷವರ್ಷವೂ ಮಳೆಗೆ ಮುಂಚೆ ಹಂಚು ಸರಿಮಾಡಿಸಬೇಕು, ಆ ಕೆಲಸ ಬಲ್ಲವರು ಸಿಗುವುದಿಲ್ಲ. ಮಂಗ ಹಾರಿದರೆ ಹಂಚು ಒಡೆಯುತ್ತದೆ, ಪಕ್ಕಾಸಿಗೆ ಗೆದ್ದಲು ಹಿಡಿಯುತ್ತದೆ, ಒಳ್ಳೆಯ ಮರದ ಬೆಲೆ ಕೇಳುವ ಹಾಗಿಲ್ಲ. ಎಲ್ಲವೂ ನಿಜ. ಆದರೆ ಇವು ಹಂಚು ಮತ್ತು ಮರದ ತೊಂದರೆಗಳು, ಸೂರಿನವಲ್ಲ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಸಿಮೆಂಟ್ ಶೀಟಿನ ಮೇಲೆ ಮಣ್ಣಿನ ಹಂಚು ಕೂರಿಸಿ ಸೋರುವಿಕೆಯನ್ನೂ ಬಿಸಿಯನ್ನೂ ಒಟ್ಟಿಗೆ ತಡೆದರು. ಕೇರಳದಲ್ಲಿ ಲಾರಿ ಬೇಕರ್ ಇದೇ ಮಂಗಳೂರು ಹಂಚನ್ನು ಕಾಂಕ್ರೀಟಿನೊಳಗೆ ಹುದುಗಿಸಿ ಹಗುರವೂ ಅಗ್ಗವೂ ಆದ ಮಾಡು ಕಟ್ಟಿದರು. ಹಳೆಯ ಮನೆ ಕತ್ತಲೆಯೆಂಬ ದೂರೂ ಇದೆ. ಆ ಕತ್ತಲೆಗೆ ಕಾರಣ ಬಹಳ ಕಡೆ ಕಿರಿದಾದ ಕಿಟಕಿ ಮತ್ತು ಅಡುಗೆಯ ಹೊಗೆ. ಒಲೆಯೇ ಬದಲಾದ ಮೇಲೆ ನಾಲ್ಕು ಗಾಜಿನ ಹಂಚು, ದೊಡ್ಡ ಕಿಟಕಿ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಗಿಡಮರವಿದ್ದರೆ ಸೊಳ್ಳೆ ಎನ್ನುವುದು ಇನ್ನೂ ಗಂಭೀರ ಆಕ್ಷೇಪ. ಮಲೇರಿಯಾ, ಡೆಂಗಿಯ ಕಷ್ಟ ಮಂಗಳೂರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ಅದು ಮರಿಮಾಡುವುದು ಪೊದೆಯಲ್ಲಲ್ಲ, ನಿಂತ ತಿಳಿನೀರಿನಲ್ಲಿ: ಮುಚ್ಚದ ಟ್ಯಾಂಕು, ಕಟ್ಟುತ್ತಿರುವ ಬಹುಮಹಡಿ ಕಟ್ಟಡ, ಉಸ್ತುವಾರಿಯಿಲ್ಲದ ಬಾವಿ. ಡೆಂಗಿ ಸೊಳ್ಳೆಯ ವಿಷಯದಲ್ಲಿ ಹಿತ್ತಿಲು ಪೂರ್ತಿ ನಿರಪರಾಧಿಯಲ್ಲ. ಬಿದ್ದ ಅಡಿಕೆ ಹಾಳೆ, ಎಳನೀರಿನ ಬುರುಡೆಗಳಲ್ಲಿ ನಿಂತ ಒಂದು ಹಿಡಿ ನೀರೂ ಅದಕ್ಕೆ ಸಾಕು. ಹಿತ್ತಿಲನ್ನು ದಿನಾ ನೋಡಿಕೊಳ್ಳುವ ಕೈ ಬೇಕು. ಸಿಮೆಂಟು ಬಳಿದರೆ ಆ ಕೆಲಸ ತಪ್ಪುವುದಿಲ್ಲ, ತಾರಸಿಗೆ, ಚರಂಡಿಗೆ ವರ್ಗವಾಗುತ್ತದೆ ಅಷ್ಟೆ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆಯದು. ದೊಡ್ಡ ಜಮೀನುದಾರರ ಗುತ್ತಿನ ಮನೆಯ ಚಾವಡಿಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಗದ್ದೆಯಲ್ಲಿ ದುಡಿದವರು ಅಂಗಳದಾಚೆ ನಿಂತೇ ಮಾತಾಡಬೇಕಿತ್ತು, ಕೊಟ್ಟದ್ದನ್ನು ಹೊರಗೇ ಉಣ್ಣಬೇಕಿತ್ತು. ಆ ವಿಶಾಲ ಹಿತ್ತಿಲನ್ನು ಗುಡಿಸಿ, ನೀರು ಸೇದಿ, ಹೊಗೆಯಲ್ಲಿ ಬೇಯಿಸಿದ ಹೆಂಗಸರಿಗೆ ಜಗಲಿಯ ತಂಪು ದಕ್ಕಿದ್ದು ಎಲ್ಲರ ಊಟವಾದ ಮೇಲೆ. ಈ ಮನೆಗಳನ್ನು ಹಂಬಲಿಸುವವರು ಇದನ್ನು ಮರೆಯುವುದು ಅನ್ಯಾಯ. ಆದರೆ ಸೂರು, ನೆರಳು, ಗಾಳಿ ದೊಡ್ಡ ಮನೆಗಳ ಸ್ವತ್ತಾಗಿರಲಿಲ್ಲ. ಒಕ್ಕಲಿನವರ ಹುಲ್ಲಿನ ಮನೆಗೂ ತಗ್ಗಿದ ಸೂರಿತ್ತು, ಅದರಡಿ ಗೇಣಗಲದ್ದಾದರೂ ಜಗಲಿ, ಬದಿಗೆ ಬಸಳೆಯ ಚಪ್ಪರ. ಭೂಸುಧಾರಣೆಯಿಂದ ನೆಲ ಸಿಕ್ಕ ಎಷ್ಟೋ ಕುಟುಂಬಗಳು ಕಟ್ಟಿಕೊಂಡ ಹಂಚಿನ ಮನೆಗಳೂ ಇದೇ ಬಗೆಯವು. ಬಿಡಬೇಕಾದದ್ದು ಹೊಸ್ತಿಲಿನ ಹಳೆಯ ಕಟ್ಟುಪಾಡನ್ನು, ಹೊಸ್ತಿಲ ಮುಂದಿನ ನೆರಳನ್ನಲ್ಲ.

ಐದು ಸೆಂಟ್ಸ್ ಜಾಗದಲ್ಲಿ ಹಿತ್ತಿಲೆಲ್ಲಿಂದ ಬರಬೇಕು ಎಂದು ಕೇಳಬಹುದು. ಬಾವಾ ಕೊಲಂಬೊದ ಇಕ್ಕಟ್ಟಿನ ಗಲ್ಲಿಯೊಂದರಲ್ಲಿ ಸಾಲಾಗಿದ್ದ ನಾಲ್ಕು ಸಣ್ಣ ಮನೆಗಳನ್ನು ಒಂದೊಂದಾಗಿ ಪಡೆದು ಒಂದೇ ಮನೆಯಾಗಿಸಿಕೊಂಡರು; ಅಲ್ಲಿ ತೋಟವೆಂಬುದು ಒಂದೊಂದು ಗಿಡ ಹಿಡಿಯುವ ಸಣ್ಣ ತೆರೆದ ಅಂಗಳಗಳು, ಬೆಳಕೂ ಗಾಳಿಯೂ ಬರುವುದು ಅವುಗಳಿಂದಲೇ. ನಮ್ಮ ಐದು ಸೆಂಟ್ಸಿನಲ್ಲೂ ಮನೆಯ ಸುತ್ತ ಕಾನೂನೇ ಬಿಡಿಸುವ ಒಂದಿಷ್ಟು ಜಾಗವಿದೆ. ಇಂಟರ್‌ಲಾಕ್ ಹಾಸುವುದು ಅಲ್ಲಿಗೇ. ಪಡುವಣ ಬದಿಯಲ್ಲಿ ಅದನ್ನು ಮಣ್ಣಾಗಿಯೇ ಬಿಟ್ಟರೆ ಒಂದು ನುಗ್ಗೆ, ಎರಡು ಬಾಳೆ, ಒಂದು ಬಸಳೆ ಚಪ್ಪರ ಹಿಡಿಯುತ್ತವೆ. ಹೇಗೂ ಎರಡು ವರ್ಷದ ಮೇಲೆ ಶೀಟ್ ಹಾಕಿಸುವುದಿದ್ದರೆ ಇಳಿಜಾರು ಮಾಡನ್ನು ನಕ್ಷೆಯಲ್ಲೇ ಸೇರಿಸಿ, ಅದನ್ನು ಗೋಡೆಯಿಂದ ಮೂರಡಿ ಹೊರಗೆ ಇಳಿಸಬಹುದು. ಫ್ಲ್ಯಾಟಿನವರಿಗೆ ಉಳಿದಿರುವ ಜಗಲಿ ಬಾಲ್ಕನಿಯೊಂದೇ. ಹಾಲ್ ದೊಡ್ಡದಾಗಲೆಂದು ಅದಕ್ಕೂ ಗಾಜು ಹಾಕಿಸಿದವರು ಬಿಸಿಲನ್ನು ಒಳಗೆ ಕರೆದು ಗಾಳಿಯನ್ನು ಹೊರಗೆ ನಿಲ್ಲಿಸಿದ್ದಾರೆ. ಆ ಗಾಜನ್ನು ಬಿಚ್ಚಿಸಲು ಅರ್ಧ ದಿನದ ಕೆಲಸ ಸಾಕು.